ಐವತ್ತೆಂಟರ ಮುದುಕರು

ಕೇಂದ್ರ ಸರ್ಕಾರ ತನ್ನ ನೌಕರರ ನಿವೃತ್ತಿ ವಯಸ್ಸನ್ನು 1962ರಲ್ಲಿ 55ರಿಂದ 58ಕ್ಕೂ, 1998ರ ಮೇ ತಿಂಗಳಲ್ಲಿ 60ಕ್ಕೂ ಏರಿಸಿತು. ಮುಪ್ಪಿನ ಗಡಿ ಹೀಗೆ ಆದೇಶವೊಂದರಿಂದ ಸರಿಯಬಲ್ಲದು. ಹದಿಹರೆಯದವರ ಕಣ್ಣಿನಲ್ಲಿ ಮಾತ್ರ ಅದು ಅಷ್ಟು ಸುಲಭವಾಗಿ ಸರಿಯದು.

1998ರಲ್ಲಿ ನನಗೆ ಹದಿನೇಳು. ವಯಸ್ಸಿನಿಂದ ತೆರವಾಗಬೇಕಿದ್ದ ಹುದ್ದೆಗಳು ಇನ್ನೆರಡು ವರ್ಷ ಬಹುಮಟ್ಟಿಗೆ ತೆರವಾಗುವುದಿಲ್ಲವೆಂದು ತಿಳಿದಾಗ, ಅರ್ಜಿ ಹಾಕಿ ಕಾದಿದ್ದ ಅಣ್ಣಂದಿರನ್ನು ಕಂಡು ಬೆಳೆದ ನಮ್ಮ ಗುಂಪು ಕೆರಳಿತು. "ಮುದುಕರು ಕುರ್ಚಿ ಬಿಡುವುದಿಲ್ಲ" ಎಂದು ನಮ್ಮ ಜಗುಲಿಯಲ್ಲೇ ಕುಳಿತು ಆಡಿಕೊಂಡೆವು. ಆ ಮುದುಕರಲ್ಲಿ ನನ್ನ ತಂದೆಯೂ ಒಬ್ಬರು.

ಮುಂದೆ ಎಂ.ಎ. ದಿನಗಳಲ್ಲಿ, ಗಿರೀಶ ಕಾರ್ನಾಡರು ಇಪ್ಪತ್ತರ ಆಸುಪಾಸಿನಲ್ಲಿ ಬರೆದು 1961ರಲ್ಲಿ ಪ್ರಕಟಿಸಿದ 'ಯಯಾತಿ'ಯನ್ನು ಓದಿದೆ. ತಂದೆಯ ಮುಪ್ಪನ್ನು ಹೊತ್ತ ಪೂರುವಿಗಿಂತ, ಅದನ್ನು ಸಹಿಸಲಾರದೆ ಸಾವನ್ನು ಆರಿಸಿಕೊಂಡ ಅವನ ಪತ್ನಿ ಚಿತ್ರಲೇಖೆಯೇ ಸರಿ ಎನಿಸಿದಳು. ಆದರೆ ನಮ್ಮ ಮನೆಯಲ್ಲಿ ಕೊಡುಕೊಳ್ಳುವಿಕೆ ತಿರುವುಮುರುವಾಗಿತ್ತು: ತಂದೆಯ ಆ ಹೆಚ್ಚುವರಿ ಎರಡು ವರ್ಷದ ಸಂಬಳದಲ್ಲೇ ನನ್ನ ಕಾಲೇಜಿನ ಶುಲ್ಕ ಸಂದಿತ್ತು.

ಅವರು 2000ದಲ್ಲಿ ನಿವೃತ್ತರಾದರು. ಜಗುಲಿಯ ಮಾತು ಒಳಗೆ ಕೇಳಿಸಿತ್ತೇ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.