ಬದುಕಿನಿಂದ ಬಾಳಿಗೆ: ಭಾರತದಲ್ಲಿ ಎಚ್.ಐ.ವಿ. ಸೋಂಕುಳ್ಳವರ ಜೀವನದ ಗುಣಮಟ್ಟ (೧೯೮೬–೨೦೧೮)

ಕಾಲಿಗೆರಗಿದ ಕಿರಿಯರನ್ನು 'ಬಾಳಿ ಬದುಕು' ಎಂದು ಹರಸುವ ವಾಡಿಕೆ ನಮ್ಮ ಹಿರಿಯರಲ್ಲಿದೆ. ಈ ಹರಕೆಯ ಮಾತಿನಲ್ಲಿ ಎರಡು ಕ್ರಿಯಾಪದಗಳಿರುವುದು ಅಕಾರಣವಲ್ಲ. ಉಸಿರು ನಿಲ್ಲದೆ ಉಳಿಯುವುದು ಬದುಕು. ಆ ಉಳಿವಿಗೆ ಮನೆ, ಕೆಲಸ, ನಂಟು, ಮರ್ಯಾದೆಗಳು ಕೂಡಿಬಂದರೆ ಅದು ಬಾಳು. ವೈದ್ಯಶಾಸ್ತ್ರವು ಇಂದು 'ಜೀವನದ ಗುಣಮಟ್ಟ' ಎಂದು ಕರೆಯುವ ಸಂಗತಿ ಈ ಬಾಳಿಗೆ ಹತ್ತಿರವಾದುದು. ಏಡ್ಸ್ ರೋಗದ ಚರಿತ್ರೆಯನ್ನು ಸೋಂಕಿನ ಅಂಕಿಗಳ ಏರಿಳಿತವಾಗಿ, ಇಲ್ಲವೆ ಔಷಧಿಗಳ ಆವಿಷ್ಕಾರದ ಸಾಲಾಗಿ ಹೇಳುವುದುಂಟು. ಪ್ರಸ್ತುತ ಲೇಖನದಲ್ಲಿ ನಾವು ಬೇರೊಂದು ಪ್ರಶ್ನೆಯನ್ನು ಎತ್ತಿಕೊಳ್ಳುತ್ತೇವೆ: ನಮ್ಮ ದೇಶದಲ್ಲಿ ಸೋಂಕುಳ್ಳವರಿಗೆ ಬದುಕು ದೊರೆತ ಮೇಲೆ ಬಾಳೂ ದೊರೆಯಿತೆ? ದೊರೆತಿದ್ದರೆ ಯಾವ ದಾರಿಯಿಂದ ದೊರೆಯಿತು? ಈ ವಿಚಾರದಲ್ಲಿ ನಮಗೆ ಮುಖ್ಯವಾಗಿ ಕಂಡುಬಂದ ಅಂಶವೊಂದೇ. ತನ್ನ ಸೋಂಕಿನ ಸಂಗತಿಯನ್ನು ಯಾರಿಗೆ ತಿಳಿಸಬೇಕು, ಯಾರಿಗೆ ತಿಳಿಸಬಾರದು ಎಂಬ ನಿರ್ಧಾರ ಯಾರ ಕೈಯಲ್ಲಿದೆ ಎಂಬುದನ್ನು ಅವಲಂಬಿಸಿಯೇ ಸೋಂಕುಳ್ಳವನ ಬಾಳು ಏರಿದೆ ಅಥವಾ ಇಳಿದಿದೆ.

೧

ಈ ರೋಗದ ಮೊದಲ ವರದಿ ೧೯೮೧ರ ಜೂನ್ ತಿಂಗಳಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ೧೯೮೩ರಲ್ಲಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯ ವಿಜ್ಞಾನಿಗಳು ರೋಗಕಾರಕವಾದ ವೈರಸ್ಸನ್ನು ಬೇರ್ಪಡಿಸಿದರು. ೧೯೮೫ರಲ್ಲಿ ರಕ್ತಪರೀಕ್ಷೆ ಬಳಕೆಗೆ ಬಂದಿತು. ಈ ಮೂರನೆಯ ಘಟನೆಯ ಸಾಮಾಜಿಕ ಪರಿಣಾಮವನ್ನು ವಿಶೇಷವಾಗಿ ಗಮನಿಸಬೇಕು. ಅದುವರೆಗೆ ರೋಗಿಯೆಂದರೆ ಹಾಸಿಗೆ ಹಿಡಿದವನು. ಪರೀಕ್ಷೆ ಬಂದ ಬಳಿಕ, ಮೈಯಲ್ಲಿ ಯಾವ ನೋವೂ ಇಲ್ಲದೆ ದುಡಿದು ಉಣ್ಣುತ್ತಿರುವವನೂ ಒಂದು ಚೀಟಿಯ ಬಲದಿಂದ ರೋಗಿಯೆನಿಸಿಕೊಳ್ಳುವುದು ಸಾಧ್ಯವಾಯಿತು. ಅವನ ಸ್ಥಿತಿ ದೇಹದಲ್ಲಿ ಕಾಣುವುದಿಲ್ಲ, ಕಾಗದದಲ್ಲಿ ಕಾಣುತ್ತದೆ. ಆ ಕಾಗದ ಯಾರ ಕೈ ಸೇರುವುದೆಂಬುದೇ ಅಂದಿನಿಂದ ಅವನ ಭಾಗ್ಯವನ್ನು ನಿರ್ಣಯಿಸತೊಡಗಿತು.

ಭಾರತದಲ್ಲಿ ಸೋಂಕು ಪತ್ತೆಯಾದುದು ೧೯೮೬ರಲ್ಲಿ, ಮದರಾಸಿನಲ್ಲಿ. ಮದರಾಸು ಮೆಡಿಕಲ್ ಕಾಲೇಜಿನಲ್ಲಿ ಡಾ. ಸುನೀತಿ ಸಾಲೋಮನ್ ಅವರ ಮಾರ್ಗದರ್ಶನದಲ್ಲಿ ವಿದ್ಯಾರ್ಥಿನಿಯಾಗಿದ್ದ ಸೆಲ್ಲಪ್ಪನ್ ನಿರ್ಮಲಾ ಅವರು ಲೈಂಗಿಕ ವೃತ್ತಿಯ ಸ್ತ್ರೀಯರಿಂದ ರಕ್ತದ ಮಾದರಿಗಳನ್ನು ಸಂಗ್ರಹಿಸಿ, ಪರೀಕ್ಷೆಗಾಗಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಒಯ್ದರು. ಆರು ಮಾದರಿಗಳಲ್ಲಿ ಸೋಂಕು ಕಂಡುಬಂದಿತು. ಇದು ನಮ್ಮ ವೈದ್ಯಕೀಯ ಚರಿತ್ರೆಯ ಗಣ್ಯ ಸಂಶೋಧನೆಗಳಲ್ಲಿ ಒಂದು. ಆದರೆ ಆ ಸ್ತ್ರೀಯರಲ್ಲಿ ಅನೇಕರು ಸರ್ಕಾರದ ಬಂಧನಗೃಹದಲ್ಲಿದ್ದವರು ಎಂಬುದನ್ನು ಚರಿತ್ರೆಯ ವಿದ್ಯಾರ್ಥಿ ಮರೆಯಲಾಗದು. ನಮ್ಮ ದೇಶದಲ್ಲಿ ಈ ಸೋಂಕು ಮೊಟ್ಟಮೊದಲು ಕಾಣಿಸಿಕೊಂಡುದು, ತಮ್ಮ ಮೈಯ ಮೇಲೂ ಮಾತಿನ ಮೇಲೂ ಅಧಿಕಾರವಿಲ್ಲದವರಲ್ಲಿ. ಸೋಂಕಿನೊಡನೆ ನಡತೆಯ ಕಳಂಕ ಗಂಟುಬಿದ್ದುದಕ್ಕೆ ಇದೂ ಒಂದು ಕಾರಣವೆನ್ನಬಹುದು.

ಮೂರು ವರ್ಷಗಳ ತರುವಾಯ ಗೋವಾದಲ್ಲಿ ನಡೆದ ಘಟನೆ ಇನ್ನೂ ಸ್ಪಷ್ಟವಾದ ನಿದರ್ಶನ. ಡೊಮಿನಿಕ್ ಡಿಸೋಜಾ ಎಂಬ ತರುಣ ರಕ್ತದಾನ ಮಾಡಿದ್ದವನು. ಆ ರಕ್ತದಲ್ಲಿ ಸೋಂಕು ಕಂಡುಬಂದುದರಿಂದ ೧೯೮೯ರ ಫೆಬ್ರವರಿಯಲ್ಲಿ ಪೋಲೀಸರು ಅವನನ್ನು ಕರೆದೊಯ್ದರು. ಹಿಂದೆ ಕ್ಷಯರೋಗಿಗಳಿಗಾಗಿ ಇದ್ದ ಆರೋಗ್ಯಧಾಮವೊಂದರಲ್ಲಿ ಅವನನ್ನು ೬೪ ದಿನ ಪ್ರತ್ಯೇಕವಾಗಿ ಇರಿಸಲಾಯಿತು. ಅಲ್ಲಿನ ಸಾರ್ವಜನಿಕ ಆರೋಗ್ಯ ಕಾಯಿದೆ ಇದಕ್ಕೆ ಅವಕಾಶ ಕೊಟ್ಟಿತ್ತು. ತಾಯಿ ಲೂಸಿ ಡಿಸೋಜಾ ಮುಂಬಯಿ ಉಚ್ಚ ನ್ಯಾಯಾಲಯದ ಮೊರೆಹೊಕ್ಕರು. ನ್ಯಾಯಾಲಯ ಕಾಯಿದೆಯನ್ನೇ ಎತ್ತಿಹಿಡಿಯಿತು. ಆದರೂ ಪ್ರತ್ಯೇಕವಾಸವನ್ನು ಕಡ್ಡಾಯ ಮಾಡಿದ್ದ ವಿಧಿ ಸಡಿಲಗೊಂಡಿತು. ಡೊಮಿನಿಕ್ ೧೯೯೨ರಲ್ಲಿ ತೀರಿಕೊಂಡನು.

ಇಂಥ ಕಾಯಿದೆಗೆ ನಮ್ಮಲ್ಲಿ ಪೂರ್ವಜವಿತ್ತು. ಕುಷ್ಠರೋಗಿಗಳನ್ನು ಬೇರ್ಪಡಿಸಿಡಲು ಅವಕಾಶ ಕೊಟ್ಟ ೧೮೯೮ರ ಶಾಸನ ೨೦೧೬ರಲ್ಲಿ ರದ್ದಾಗುವವರೆಗೂ ಶಾಸನಗ್ರಂಥಗಳಿಂದ ಪೂರ್ತಿ ಅಳಿದಿರಲಿಲ್ಲ. ಭಯ ಹುಟ್ಟಿದಾಗ ಹಳೆಯ ಮನೆಯ ಬಾಗಿಲನ್ನೇ ತೆರೆದು ಹೊಸ ರೋಗಿಯನ್ನು ಒಳಗೆ ಕೂಡಿಹಾಕುವುದು ಆಡಳಿತದ ವಾಡಿಕೆ. ಹೀಗೆ ಕೂಡಿಹಾಕಿದುದರಿಂದ ಡೊಮಿನಿಕನ ಆಯುಸ್ಸು ಎಷ್ಟು ಕುಂದಿತೆಂದು ಅಳೆಯಲಾಗದು. ಅವನ ಹೆಸರು ಊರಿಗೆಲ್ಲ ತಿಳಿಯಿತು, ಅದನ್ನು ತಿಳಿಸಿದವನು ಅವನಲ್ಲ ಎಂಬುದಷ್ಟು ನಿಶ್ಚಿತ.

೨

ನ್ಯಾಯಾಲಯಗಳ ಮನೋಧರ್ಮ ಬದಲಾದುದು ೧೯೯೦ರ ದಶಕದ ಉತ್ತರಾರ್ಧದಲ್ಲಿ. ಸಾರ್ವಜನಿಕ ಉದ್ಯಮವೊಂದರಲ್ಲಿ ದಿನಗೂಲಿಯಾಗಿದ್ದ ಒಬ್ಬನನ್ನು, ಸೋಂಕು ಇದೆಯೆಂಬ ಒಂದೇ ಕಾರಣದಿಂದ ಕೆಲಸಕ್ಕೆ ಕರೆಯುವುದನ್ನು ನಿಲ್ಲಿಸಲಾಯಿತು. ಅವನ ಮೊಕದ್ದಮೆಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ೧೯೯೭ರಲ್ಲಿ ತೀರ್ಪು ಕೊಟ್ಟಿತು. ಕೆಲಸ ಮಾಡಲು ಶಕ್ತನಾಗಿರುವವನಿಗೆ, ಅವನಿಂದ ಇತರರಿಗೆ ಅಪಾಯವಿಲ್ಲದಿರುವಾಗ, ಸೋಂಕಿನ ನೆಪದಿಂದ ಕೆಲಸ ನಿರಾಕರಿಸಬಾರದೆಂಬುದು ಅದರ ಸಾರ. ಇದರಷ್ಟೇ ಮಹತ್ವದ ಇನ್ನೊಂದು ಅಂಶ ಆ ಮೊಕದ್ದಮೆಯ ಶಿರೋನಾಮೆಯಲ್ಲಿಯೇ ಇದೆ. ಅರ್ಜಿದಾರ ಅಲ್ಲಿ 'ಎಂಎಕ್ಸ್' ಎಂಬ ಎರಡು ಅಕ್ಷರ ಮಾತ್ರ. ಹೆಸರನ್ನು ಮರೆಮಾಡಿ ನ್ಯಾಯ ಕೇಳಲು ನ್ಯಾಯಾಲಯ ಅವನಿಗೆ ಅನುಮತಿ ನೀಡಿತು. ಡೊಮಿನಿಕನಿಗೆ ದೊರೆಯದ ಮರೆ ಈ ಕೂಲಿಕಾರನಿಗೆ ದೊರೆಯಿತು. ಎಂಟು ವರ್ಷಗಳ ಅಂತರದಲ್ಲಿ ಆದ ಮುನ್ನಡೆ ಇದು.

ಆದರೆ ಈ ಮುನ್ನಡೆ ನೇರವಾದುದಾಗಿರಲಿಲ್ಲ. ೧೯೯೮ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಮೊಕದ್ದಮೆಯಲ್ಲಿ, ಆಸ್ಪತ್ರೆಯೊಂದರಿಂದ ಸೋಂಕಿನ ವಿಷಯ ಹೊರಬಿದ್ದು ಒಬ್ಬನ ನಿಶ್ಚಿತವಾಗಿದ್ದ ವಿವಾಹ ಮುರಿದಿತ್ತು. ನ್ಯಾಯಾಲಯ ಆಸ್ಪತ್ರೆಯ ನಡೆಯನ್ನು ತಪ್ಪೆಂದು ಬಗೆಯಲಿಲ್ಲ. ಅಷ್ಟಕ್ಕೆ ನಿಲ್ಲದೆ, ಇಂಥವರ ವಿವಾಹದ ಹಕ್ಕು ಅಮಾನತಿನಲ್ಲಿರುತ್ತದೆ ಎಂಬ ಅಭಿಪ್ರಾಯವನ್ನೂ ಸೂಚಿಸಿತು. ವಿವಾಹದ ಕುರಿತ ಆ ಮಾತು ಪ್ರಕರಣಕ್ಕೆ ಅನಾವಶ್ಯಕವಾಗಿತ್ತೆಂದು ಅದೇ ನ್ಯಾಯಾಲಯ ೨೦೦೨ರಲ್ಲಿ ಸ್ಪಷ್ಟಪಡಿಸಿತು. ಇಲ್ಲಿ ಒಂದು ನಿಜವಾದ ತೊಡಕಿದೆಯೆಂಬುದನ್ನು ನಾವು ಒಪ್ಪಬೇಕು. ವಧುವಿಗೂ ತನ್ನ ಆರೋಗ್ಯವನ್ನು ಕಾಪಾಡಿಕೊಳ್ಳುವ ಹಕ್ಕಿದೆ. ಅವಳಿಂದ ಮರೆಮಾಚಿದ ಗುಟ್ಟು ಅವಳ ಬಾಳನ್ನೇ ಕೆಡಿಸಬಹುದು. ಗಂಡನಿಂದ ಸೋಂಕು ಪಡೆದ ಗೃಹಿಣಿಯರು ನಮ್ಮ ನಾಡಿನಲ್ಲಿ ಅನೇಕರಿದ್ದಾರೆ. ಆದರೂ ಸಂಗಾತಿಗೆ ತಿಳಿಸುವುದು ಬೇರೆ, ಊರಿಗೆ ಸಾರುವುದು ಬೇರೆ. ಈ ಎರಡನ್ನೂ ಬೇರ್ಪಡಿಸಿ ನೋಡಲು ನಮ್ಮ ಶಾಸನಕ್ಕೆ ಇನ್ನೂ ಹದಿನಾರು ವರ್ಷ ಬೇಕಾಯಿತು.

ಇದೇ ಕಾಲದಲ್ಲಿ ಸೋಂಕುಳ್ಳವರು ತಾವಾಗಿಯೇ ಮಾತನಾಡತೊಡಗಿದರು. ತಮ್ಮನ್ನು ಬಲಿಪಶುಗಳೆಂದು ಕರೆಯಬಾರದು, ತಮ್ಮ ವಿಷಯದ ನಿರ್ಣಯಗಳಲ್ಲಿ ತಮಗೂ ಪಾಲಿರಬೇಕು ಎಂದು ಅಮೆರಿಕದ ಡೆನ್ವರ್ ನಗರದಲ್ಲಿ ರೋಗಿಗಳು ೧೯೮೩ರಲ್ಲಿಯೇ ಘೋಷಿಸಿದ್ದರು. ನಮ್ಮಲ್ಲಿ ೧೯೯೭ರಲ್ಲಿ ಸೋಂಕುಳ್ಳವರ ರಾಷ್ಟ್ರೀಯ ಒಕ್ಕೂಟವೂ, ಮರುವರ್ಷ ಸ್ತ್ರೀಯರದೇ ಆದ ಒಕ್ಕೂಟವೂ ಹುಟ್ಟಿದವು. ಹೆಸರನ್ನು ಮರೆಮಾಡುವ ಹಕ್ಕು ನ್ಯಾಯಾಲಯದಲ್ಲಿ ದೊರೆತ ವರ್ಷದಲ್ಲಿಯೇ ಹೆಸರು ಹೇಳಿಕೊಂಡು ಮುಂದೆ ಬರುವ ಧೈರ್ಯವೂ ಕಾಣಿಸಿಕೊಂಡುದು ಮೇಲ್ನೋಟಕ್ಕೆ ವಿರೋಧವೆನಿಸಬಹುದು. ವಿಚಾರಿಸಿ ನೋಡಿದರೆ ಎರಡೂ ಒಂದೇ ಸ್ವಾತಂತ್ರ್ಯದ ಎರಡು ಮುಖಗಳು.

೩

ಇನ್ನು ಔಷಧಿಯ ಕಡೆಗೆ ತಿರುಗೋಣ. ಮೂರು ಔಷಧಿಗಳನ್ನು ಕೂಡಿಸಿ ಕೊಟ್ಟರೆ ವೈರಸ್ಸನ್ನು ಅಡಗಿಸಿಡಬಹುದೆಂಬುದು ೧೯೯೬ರ ವೇಳೆಗೆ ಸಿದ್ಧವಾಯಿತು. ಆದರೆ ಅದರ ಬೆಲೆ ಒಬ್ಬನಿಗೆ ವರ್ಷಕ್ಕೆ ೧೦,೦೦೦ ಡಾಲರಿಗೂ ಮೇಲಿತ್ತು. ೨೦೦೧ರಲ್ಲಿ ಮುಂಬಯಿಯ ಸಿಪ್ಲಾ ಸಂಸ್ಥೆ ಅದೇ ಚಿಕಿತ್ಸೆಯನ್ನು ದಾನಸಂಸ್ಥೆಗೆ ವರ್ಷಕ್ಕೆ ೩೫೦ ಡಾಲರಿನಂತೆ ಒದಗಿಸಲು ಮುಂದೆ ಬಂದುದು ಲೋಕಪ್ರಸಿದ್ಧ. ೨೦೦೪ರ ಏಪ್ರಿಲ್ ೧ರಂದು ಭಾರತ ಸರ್ಕಾರ ಉಚಿತ ಚಿಕಿತ್ಸೆಯನ್ನು ಆರಂಭಿಸಿತು. ಮೊದಲಿಗೆ ಆಯ್ದುಕೊಂಡ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಈ ದಿನದಿಂದ ಬಡವನಿಗೂ ಬದುಕು ಕೈಗೆಟುಕಿತು.

ಆದರೆ ಬಾಳು? ಸರ್ಕಾರಿ ಚಿಕಿತ್ಸೆಯ ಆರಂಭಕಾಲದ ಗುಳಿಗೆಗಳಲ್ಲಿ ಸ್ಟಾವುಡೀನ್ ಎಂಬ ಔಷಧಿ ಮುಖ್ಯವಾಗಿತ್ತು. ಅದು ಅಗ್ಗ, ಪರಿಣಾಮಕಾರಿ. ಅಸಂಖ್ಯ ಜೀವಗಳನ್ನು ಉಳಿಸಿತು. ದೀರ್ಘಕಾಲ ಸೇವಿಸಿದವರಲ್ಲಿ ಹಲವರಿಗೆ ಕೆನ್ನೆಯ ಕೊಬ್ಬು ಕರಗಿ ಮುಖ ಕುಳಿಬಿದ್ದಿತು, ಕೈಕಾಲು ಸೊರಗಿದವು, ಪಾದಗಳಲ್ಲಿ ಜೋಮು ಮತ್ತು ಉರಿ ಕಾಣಿಸಿಕೊಂಡವು. ಕೆನ್ನೆಯ ಆ ಕುಳಿಯೇ ನೆರೆಹೊರೆಯವರಿಗೆ ಸುದ್ದಿ ಹೇಳುವ ಡಂಗುರವಾಯಿತು. ಪ್ರಾಣವನ್ನು ಉಳಿಸಿದ ಗುಳಿಗೆಯೇ ಗುಟ್ಟನ್ನು ಬಯಲುಮಾಡಿತು. ಆ ಔಷಧಿಯನ್ನು ಕ್ರಮವಾಗಿ ಕೈಬಿಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೦೯ರಲ್ಲಿ ಸಲಹೆ ಮಾಡಿತು. ಮರಣಸಂಖ್ಯೆಯನ್ನಷ್ಟೇ ನೋಡಿದವರಿಗೆ ಈ ಬದಲಾವಣೆಯ ಮಹತ್ವ ತಿಳಿಯಲಾರದು. ಕನ್ನಡಿ ನೋಡಿಕೊಂಡವರಿಗೆ ತಿಳಿದಿತ್ತು. ಅಂತೆಯೇ, ಹತ್ತಿರದ ಚಿಕಿತ್ಸಾಕೇಂದ್ರವನ್ನು ಬಿಟ್ಟು, ಪರಿಚಿತರ ಕಣ್ಣಿಗೆ ಬೀಳದಿರಲೆಂದು ಒಂದು ದಿನದ ಕೂಲಿಯನ್ನೂ ಬಸ್ಸಿನ ದುಡ್ಡನ್ನೂ ಕಳೆದು ದೂರದ ಊರಿನ ಕೇಂದ್ರಕ್ಕೆ ಹೋಗುವವರುಂಟು. ಉಚಿತ ಔಷಧಿಗೂ ಅವರು ಬೆಲೆ ತೆರುತ್ತಾರೆ.

ಇಂಥ ಸಂಗತಿಗಳನ್ನು ಅಳೆಯಲು ಸಾಧ್ಯವೆ? ೧೯೯೦ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜೀವನದ ಗುಣಮಟ್ಟಕ್ಕೆ ಒಂದು ಪ್ರಶ್ನಾವಳಿಯನ್ನು ರೂಪಿಸಿತು. ಮನುಷ್ಯ ತನ್ನ ಸಂಸ್ಕೃತಿ, ಗುರಿ, ನಿರೀಕ್ಷೆಗಳ ಹಿನ್ನೆಲೆಯಲ್ಲಿ ತನ್ನ ಬಾಳನ್ನು ತಾನೇ ಹೇಗೆ ಕಾಣುತ್ತಾನೆಂಬುದು ಅದರ ಆಧಾರ. ಮುಂದೆ ಎಚ್.ಐ.ವಿ. ಸೋಂಕುಳ್ಳವರಿಗಾಗಿಯೇ ೧೨೦ ಪ್ರಶ್ನೆಗಳ ಆವೃತ್ತಿಯೊಂದು ಸಿದ್ಧವಾಯಿತು. ಅದನ್ನು ಪ್ರಯೋಗಿಸಿ ನೋಡಿದ ದೇಶಗಳಲ್ಲಿ ಭಾರತವೂ ಸೇರಿದ್ದಿತು. ದೇಹ, ಮನಸ್ಸು, ಸ್ವಾವಲಂಬನೆ, ಸಂಬಂಧಗಳು, ಪರಿಸರ, ಶ್ರದ್ಧೆ ಎಂಬ ಆರು ವಿಭಾಗಗಳು ಅದರಲ್ಲಿವೆ. ಈ ಸೋಂಕಿಗೆಂದೇ ಸೇರಿಸಿದ ಅಂಶಗಳು ಐದು: ರೋಗಲಕ್ಷಣಗಳು, ಸಮಾಜದಲ್ಲಿ ಸೇರ್ಪಡೆ, ಕ್ಷಮೆ ಮತ್ತು ದೂಷಣೆ, ಭವಿಷ್ಯದ ಚಿಂತೆ, ಮರಣದ ಚಿಂತೆ. ಐದರಲ್ಲಿ ಒಂದು ಮಾತ್ರ ಮೈಗೆ ಸಂಬಂಧಿಸಿದ್ದು. ಉಳಿದ ನಾಲ್ಕೂ ಮನಸ್ಸಿಗೂ ಮಂದಿಗೂ ಸಂಬಂಧಿಸಿದವು.

ಈ ಪ್ರಶ್ನಾವಳಿಯ ಸ್ಥಳೀಯ ರೂಪವನ್ನು ಬಳಸಿ ದಕ್ಷಿಣ ಭಾರತದ ಸ್ತ್ರೀಪುರುಷರನ್ನು ಹೋಲಿಸಿದ ಅಧ್ಯಯನವೊಂದು ೨೦೦೯ರಲ್ಲಿ ಪ್ರಕಟವಾಯಿತು. ಪರಿಸರದ ವಿಭಾಗದಲ್ಲಿ, ಎಂದರೆ ಹಣ, ಸಾರಿಗೆ ಮೊದಲಾದ ಅನುಕೂಲಗಳಲ್ಲಿ, ಪುರುಷರ ಸ್ಥಿತಿ ಮೇಲಾಗಿತ್ತು. ಶ್ರದ್ಧೆಯ ವಿಭಾಗದಲ್ಲಿ ಸ್ತ್ರೀಯರ ಸ್ಥಿತಿ ಮೇಲಾಗಿತ್ತು. ಕೈಯಲ್ಲಿ ಕಾಸಿಲ್ಲದವರು ದೇವರನ್ನು ಹಿಡಿದರೆಂದು ಇದನ್ನು ಸರಳವಾಗಿ ಅರ್ಥೈಸುವುದು ತರವಲ್ಲ. ಒಂದೇ ಸೋಂಕು, ಒಂದೇ ಗುಳಿಗೆ ಇದ್ದರೂ ಬಾಳು ಒಂದೇ ಆಗುವುದಿಲ್ಲವೆಂಬುದನ್ನು ಮಾತ್ರ ನಾವು ನಿಸ್ಸಂಶಯವಾಗಿ ತಿಳಿಯಬಹುದು.

೪

೨೦೧೧ರಲ್ಲಿ ಮತ್ತೊಂದು ಮಹತ್ವದ ಫಲಿತಾಂಶ ಹೊರಬಂದಿತು. ಬೇಗನೆ ಚಿಕಿತ್ಸೆ ಪಡೆದವರಿಂದ ಸಂಗಾತಿಗೆ ಸೋಂಕು ತಗಲುವ ಸಂಭವ ಶೇಕಡ ೯೬ರಷ್ಟು ಕಡಮೆಯೆಂದು ಬಹುರಾಷ್ಟ್ರೀಯ ಅಧ್ಯಯನವೊಂದು ತೋರಿಸಿತು. ರಕ್ತದಲ್ಲಿ ವೈರಸ್ಸು ಪತ್ತೆಯಾಗದಷ್ಟು ಅಡಗಿರುವವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲವೆಂಬುದು ಈಗ ಸ್ಥಾಪಿತವಾಗಿದೆ. ಸೋಂಕುಳ್ಳ ತಾಯಿ ಚಿಕಿತ್ಸೆಯಲ್ಲಿದ್ದರೆ ಸೋಂಕಿಲ್ಲದ ಮಗುವನ್ನು ಹೆರಬಲ್ಲಳು. ೨೦೧೭ರಿಂದ ನಮ್ಮ ದೇಶದಲ್ಲಿ ಸೋಂಕು ಪತ್ತೆಯಾದ ಎಲ್ಲರಿಗೂ, ರೋಗನಿರೋಧಶಕ್ತಿ ಕುಂದುವವರೆಗೆ ಕಾಯಿಸದೆ, ಚಿಕಿತ್ಸೆ ಕೊಡುವ ನೀತಿ ಜಾರಿಗೆ ಬಂದಿತು. ವಿವಾಹದ ಹಕ್ಕು ಅಮಾನತಿನಲ್ಲಿದೆಯೆಂದ ೧೯೯೮ರ ಮಾತಿನ ಬುಡವನ್ನೇ ವಿಜ್ಞಾನ ಸಡಿಲಿಸಿತು.

ಅದೇ ೨೦೧೭ರಲ್ಲಿ ಸಂಸತ್ತು ಅಂಗೀಕರಿಸಿದ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆ ೨೦೧೮ರ ಸೆಪ್ಟೆಂಬರ್ ೧೦ರಿಂದ ಜಾರಿಯಾಯಿತು. ಉದ್ಯೋಗ, ಶಿಕ್ಷಣ, ಚಿಕಿತ್ಸೆ, ಬಾಡಿಗೆಮನೆ, ವಿಮೆ ಮುಂತಾದವುಗಳಲ್ಲಿ ಭೇದ ಮಾಡುವುದನ್ನು ಅದು ನಿಷೇಧಿಸಿತು; ಒಪ್ಪಿಗೆಯಿಲ್ಲದೆ ಒಬ್ಬನ ಸ್ಥಿತಿಯನ್ನು ಹೊರಗೆಡಹಬಾರದೆಂದು ವಿಧಿಸಿ, ಸಂಗಾತಿಗೆ ತಿಳಿಸುವ ಸಂದರ್ಭಗಳನ್ನು ಪ್ರತ್ಯೇಕವಾಗಿ ನಿರೂಪಿಸಿತು. ಚಿಕಿತ್ಸೆಯನ್ನು 'ಸಾಧ್ಯವಾದಷ್ಟು ಮಟ್ಟಿಗೆ' ಒದಗಿಸಬೇಕೆಂಬ ಅದರ ಒಕ್ಕಣೆಯನ್ನು ಸೋಂಕುಳ್ಳವರ ಸಂಘಗಳು ಆಕ್ಷೇಪಿಸಿದುದು ನ್ಯಾಯವಾಗಿಯೇ ಇತ್ತು. ಈ ಕಾಯಿದೆಯಲ್ಲಿ ಹೆಚ್ಚು ಪ್ರಚಾರಕ್ಕೆ ಬಾರದ ಒಂದು ವಿಧಿಯನ್ನು ವಿದ್ಯಾರ್ಥಿಗಳ ಗಮನಕ್ಕೆ ತರಲು ನಾವು ಬಯಸುತ್ತೇವೆ. ಸೋಂಕು ತಗಲಿದ ಕುಟುಂಬದಲ್ಲಿ ಹನ್ನೆರಡು ವರ್ಷ ತುಂಬಿ ತಕ್ಕಷ್ಟು ತಿಳಿವಳಿಕೆಯುಳ್ಳ ಮಗು ತನ್ನ ಒಡಹುಟ್ಟಿದವರಿಗೆ ಪೋಷಕನಾಗಿ ನಿಲ್ಲಬಹುದು. ಔಷಧಿ ಕೈಗೆಟುಕದ ವರ್ಷಗಳಲ್ಲಿ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡು, ತಂಗಿಯನ್ನೋ ತಮ್ಮನನ್ನೋ ಶಾಲೆಗೆ ಸೇರಿಸಲು ಹೋಗಿ, ಸಹಿ ಹಾಕುವವರು ಯಾರೆಂಬ ಪ್ರಶ್ನೆಗೆ ಉತ್ತರವಿಲ್ಲದೆ ನಿಂತ ಮಕ್ಕಳ ಚರಿತ್ರೆ ಆ ಒಂದು ವಾಕ್ಯದಲ್ಲಿ ಅಡಗಿದೆ.

೨೦೨೩ರ ಅಂದಾಜಿನಂತೆ ಭಾರತದಲ್ಲಿ ಸೋಂಕುಳ್ಳವರ ಸಂಖ್ಯೆ ೨೫ ಲಕ್ಷಕ್ಕೂ ಮಿಗಿಲು. ಇವರಲ್ಲಿ ಬಹುಮಂದಿಗೆ ಬದುಕನ್ನು ಕೊಡುವ ಸಾಮರ್ಥ್ಯ ಇಂದಿನ ವೈದ್ಯಕ್ಕಿದೆ. ಬಾಳನ್ನು ಕೊಡುವ ಸಾಮರ್ಥ್ಯ ಅದಕ್ಕಿಲ್ಲ. ಅದು ಸಹೋದ್ಯೋಗಿ, ಮನೆಯೊಡೆಯ, ಉಪಾಧ್ಯಾಯ, ಸೊಸೆಯನ್ನು ತರುವ ಅತ್ತೆ ಇವರೆಲ್ಲರ ಕೈಯಲ್ಲಿದೆ. ನಮ್ಮ ಕಾಲೇಜುಗಳ ತರಗತಿಗಳಲ್ಲಿಯೂ ಈ ಗುಳಿಗೆಯನ್ನು ದಿನವೂ ನುಂಗಿ ಬಂದು ಕುಳಿತವರಿರಬಹುದು. ಅವರು ಯಾರೆಂದು ನಾವು ತಿಳಿಯಬೇಕಾದ ಅಗತ್ಯವಿಲ್ಲ. ಅವರಾಗಿಯೇ ಹೇಳಿದ ದಿನ, ಮರುದಿನವೂ ಅದೇ ಬೆಂಚಿನಲ್ಲಿ ಅವರ ಪಕ್ಕದ ಸ್ಥಳ ತೆರವಾಗದಿದ್ದರೆ, ೧೯೮೬ರಿಂದ ನಡೆದು ಬಂದ ಈ ಚರಿತ್ರೆ ಒಂದು ಹೆಜ್ಜೆ ಮುಂದೆ ಇಟ್ಟಿತೆಂದು ತಿಳಿಯಬಹುದು.