ಕುರಿ ಕೊಟ್ಟಿಗೆಯಲ್ಲಿ ಹುಟ್ಟಿದ ಮಣ್ಣು

ನೆದರ್ಲೆಂಡ್ಸಿನ ಪೂರ್ವಭಾಗದಲ್ಲಿ, ಅದಕ್ಕೆ ತಾಗಿಕೊಂಡಿರುವ ವಾಯವ್ಯ ಜರ್ಮನಿಯಲ್ಲಿ ಹಳೆಯ ಊರುಗಳ ಪಕ್ಕದ ಕೆಲವು ಹೊಲಗಳು ಸುತ್ತಲಿನ ನೆಲಕ್ಕಿಂತ ತುಸು ಎತ್ತರಕ್ಕೆ ಉಬ್ಬಿಕೊಂಡಿವೆ. ಅಲ್ಲಿ ಗುಂಡಿ ತೋಡಿದರೆ ಅರ್ಧ ಮೀಟರ್, ಕೆಲವೆಡೆ ಒಂದು ಮೀಟರಿನಷ್ಟು ಆಳದವರೆಗೂ ಕಪ್ಪು ಇಲ್ಲವೇ ಕಂದು ಮಣ್ಣು. ಅದರಡಿ ಬರೀ ಬಿಳಿಚಿದ ಮರಳು. ಮೇಲಿನ ಈ ಮಣ್ಣು ಹೊಳೆ ತಂದು ಹಾಕಿದ್ದಲ್ಲ. ರೈತರು ತಲೆಮಾರುಗಳ ಕಾಲ ಹೊತ್ತು ತಂದು ಸುರಿದದ್ದು.

ಹಿಮಯುಗದಲ್ಲಿ ಗಾಳಿ ಹರಡಿ ಹೋದ ಮರಳು ಆ ಸೀಮೆಯ ಪಾಲಿಗೆ ಬಂದಿತ್ತು. ಅದರಲ್ಲಿ ನೀರು ನಿಲ್ಲದು. ಮಳೆ ಬಿದ್ದಾಗಲೆಲ್ಲ ಇದ್ದಬದ್ದ ಸಾರವೂ ಬಸಿದು ಕೆಳಗಿಳಿಯುತ್ತದೆ. ಹಟ್ಟಿ ಗೊಬ್ಬರವೊಂದನ್ನೇ ನಂಬೋಣವೆಂದರೆ ದನಕ್ಕೆ ಮೇವಿಲ್ಲ. ತಾನಾಗಿ ಬೆಳೆಯುತ್ತಿದ್ದುದು ಊರಾಚೆಯ ಬಯಲಿನ ಹೀದರ್ ಎಂಬ ಕುರುಚಲು ಗಿಡ. ಅದನ್ನು ಮೇಯಬಲ್ಲದ್ದು ಕುರಿ. ರೈತರು ಈ ಎರಡನ್ನೇ ಹಿಡಿದುಕೊಂಡರು.

ಅಗಲ ಬಾಯಿಯ ಗುದ್ದಲಿಯಿಂದ ಹೀದರ್ ಬಯಲಿನ ಮೇಲ್ಪದರವನ್ನು ಬೇರು, ಕಸ, ಮಣ್ಣು ಸಮೇತ ಹೆಂಟೆ ಹೆಂಟೆಯಾಗಿ ಸುಲಿದು ತರುವುದು. ಅದನ್ನು ಕೊಟ್ಟಿಗೆಯಲ್ಲಿ ಹಾಸುವುದು. ರಾತ್ರಿ ಕುರಿಗಳು ಅದರ ಮೇಲೆಯೇ ಮಲಗಬೇಕು. ಹಿಕ್ಕೆ, ಗಂಜಳ ಎರಡನ್ನೂ ಅದು ಹೀರಿಕೊಳ್ಳುತ್ತಿತ್ತು. ಕೊಳೆತ ಮೇಲೆ ಹೊಲಕ್ಕೆ ಸಾಗಿಸಿ ಹರಡುತ್ತಿದ್ದರು. ಈ ಹೆಂಟೆಗೆ ಅಲ್ಲಿನವರು ಇಟ್ಟ ಹೆಸರು ‘ಪ್ಲಾಗೆನ್’. ಅದರೊಡನೆ ಮರಳೂ ಬರುತ್ತಿದ್ದುದರಿಂದ ಹೊಲದ ಮಟ್ಟ ವರ್ಷಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಏರುತ್ತಾ ಹೋಯಿತು. ಮಧ್ಯಯುಗದಿಂದ ಹತ್ತೊಂಬತ್ತನೆಯ ಶತಮಾನದವರೆಗೆ ನಡೆದ ಕೆಲಸವಿದು. ಫಲವೆಂದರೆ, ನೆಲವನ್ನು ಬೀಳು ಬಿಡದೆ ವರ್ಷ ವರ್ಷವೂ ಅದೇ ಹೊಲದಲ್ಲಿ ರೈ ಧಾನ್ಯ ಬೆಳೆಯಬಹುದಾಯಿತು. ಜರ್ಮನರು ಇದನ್ನು ‘ನಿತ್ಯ ರೈ ಬೇಸಾಯ’ ಎಂದೇ ಕರೆದರು.

ನಮ್ಮ ಉತ್ತರ ಕನ್ನಡದ ಅಡಿಕೆ ಬೆಳೆಗಾರರಿಗೆ ಇದರಲ್ಲಿ ಅಚ್ಚರಿಯೇನೂ ಕಾಣದು. ಸೊಪ್ಪಿನ ಬೆಟ್ಟದಿಂದ ಸೊಪ್ಪು, ದರಕು ತಂದು ಕೊಟ್ಟಿಗೆಗೆ ಹಾಸಿ, ಗೊಬ್ಬರವಾದ ಮೇಲೆ ತೋಟಕ್ಕೆ ಹಾಕುವುದೂ ಇದೇ ಲೆಕ್ಕವೇ. ಆದರೆ ಒಂದು ವ್ಯತ್ಯಾಸವುಂಟು. ಇಲ್ಲಿ ಕಡಿಯುವುದು ಸೊಪ್ಪನ್ನು; ಹದವರಿತು ಕಡಿದರೆ ಮರ ಮತ್ತೆ ಚಿಗುರುತ್ತದೆ. ಅಲ್ಲಿ ಸುಲಿಯುತ್ತಿದ್ದುದು ನೆಲದ ಚರ್ಮವನ್ನೇ.

ಒಂದು ಹೆಕ್ಟೇರ್ ಹೊಲ ಸಾಕಲು ಹಲವು ಹೆಕ್ಟೇರ್ ಬಯಲು ಬೇಕಾಗುತ್ತಿತ್ತು. ಸುಲಿದ ಜಾಗದಲ್ಲಿ ಹೀದರ್ ಮತ್ತೆ ಹಬ್ಬಲು ವರ್ಷಗಟ್ಟಲೆ ಕಾಯಬೇಕು. ನೆದರ್ಲೆಂಡ್ಸಿನಲ್ಲಿ ‘ಮಾರ್ಕೆ’ ಎಂಬ ಗ್ರಾಮಸಂಘಗಳು ಇಂಥ ಸಾಮೂಹಿಕ ಭೂಮಿಯನ್ನು ಯಾರು, ಎಷ್ಟು ಬಳಸಬಹುದೆಂಬ ಕಟ್ಟಳೆ ಮಾಡಿದ್ದವು. ಆದರೂ ಹಸಿದ ಹೊಲ ಕಾಯುವುದುಂಟೇ? ಅತಿಯಾಗಿ ಸುಲಿದು, ಮೇಯಿಸಿದ ಕಡೆಗಳಲ್ಲಿ ಮರಳು ಬಿಚ್ಚಿಕೊಂಡು ಗಾಳಿಗೆ ಹಾರತೊಡಗಿತು. ವೆಲುವೆ ಪ್ರದೇಶದ ಕೋಟ್‌ವೈಕ್ ಸುತ್ತ ಮರಳ ದಿಬ್ಬಗಳೇ ಎದ್ದವು. ಹೊಲ, ಮನೆಗಳೂ ಅದರಡಿ ಸೇರಿದವು. ಒಂದೆಡೆ ಮಣ್ಣು ಕಟ್ಟಿದ ಕೈಗಳೇ ಇನ್ನೊಂದೆಡೆ ಮರುಭೂಮಿ ಮಾಡಿದ್ದವು. ಅವರನ್ನು ದೂರಿ ಪ್ರಯೋಜನವಿಲ್ಲ. ರೊಟ್ಟಿಗೆ ಬೇರೆ ದಾರಿಯಿರಲಿಲ್ಲ.

ಬೇರೆ ದಾರಿ ತೆರೆದದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. 1861ರಲ್ಲಿ ಜರ್ಮನಿಯ ಸ್ಟಾಸ್‌ಫುರ್ಟಿನಲ್ಲಿ ಪೊಟ್ಯಾಷ್ ತಯಾರಿಕೆ ಶುರುವಾಯಿತು, ಚಿಲಿಯಿಂದ ಹಡಗುಗಳಲ್ಲಿ ನೈಟ್ರೇಟ್ ಬಂತು. ಆಸ್ಟ್ರೇಲಿಯಾದ ಅಗ್ಗದ ಉಣ್ಣೆಯಿಂದಾಗಿ ಕುರಿಯ ಬೆಲೆಯೂ ಇಳಿಯಿತು. ಹೀದರ್ ಬಯಲು ಉತ್ತು ಹೊಲವಾಯಿತು. ಹಾರುವ ಮರಳನ್ನು ಹಿಡಿದು ನಿಲ್ಲಿಸಲೆಂದು 1899ರಲ್ಲಿ ಡಚ್ ಸರ್ಕಾರ ಅರಣ್ಯ ಇಲಾಖೆಯನ್ನೇ ಸ್ಥಾಪಿಸಿ ಪೈನ್ ಮರ ನೆಡಿಸಿತು.

ರೈತರು ಕಟ್ಟಿದ ಆ ಮಣ್ಣಿಗೆ ಈಗ ಮಣ್ಣುಗಳ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಮನುಷ್ಯನಿರ್ಮಿತವೆಂಬ ಸ್ಥಾನವಿದೆ. ಜರ್ಮನಿ ಅದನ್ನು 2013ರ ‘ವರ್ಷದ ಮಣ್ಣು’ ಎಂದು ಆರಿಸಿತು. ಇನ್ನು ಅಳಿದುಳಿದ ಹೀದರ್ ಬಯಲುಗಳೀಗ ಸಂರಕ್ಷಿತ ಪ್ರದೇಶ. ಗಾಳಿಯಲ್ಲಿ ಬಂದು ಬೀಳುವ ಸಾರಜನಕದಿಂದ ಅಲ್ಲಿನ ನೆಲ ಕೊಬ್ಬಿ ಹುಲ್ಲು ಮುಸುಕುತ್ತಿದೆ. ಹೀದರ್ ಉಳಿಸಬೇಕಾದರೆ ನೆಲ ಬಡವಾಗಿಯೇ ಇರಬೇಕಂತೆ. ಹಾಗಾಗಿ ಮೇಲ್ಪದರವನ್ನು ಮತ್ತೆ ಸುಲಿಯುತ್ತಿದ್ದಾರೆ, ಈ ಸಲ ಯಂತ್ರದಿಂದ.