ಪದವಿ ವಿಷಯ ಸಂಯೋಜನೆ

ಪದವಿ ವಿಷಯ ಸಂಯೋಜನೆ ಎಂದರೆ ಕರ್ನಾಟಕದ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಬಿ.ಎ. ಮತ್ತು ಬಿ.ಎಸ್ಸಿ. ವಿದ್ಯಾರ್ಥಿಗಳು ಭಾಷೆಗಳ ಜೊತೆಗೆ ಒಟ್ಟಾಗಿ ಅಧ್ಯಯನ ಮಾಡುವ ಐಚ್ಛಿಕ ವಿಷಯಗಳ ಗುಂಪು. ಆಡುಮಾತಿನಲ್ಲಿ ಇದನ್ನು ‘ಕಾಂಬಿನೇಶನ್’ ಎನ್ನುತ್ತಾರೆ. ಅಮೆರಿಕದ ಉದಾರ ಕಲಾ ಕಾಲೇಜುಗಳಲ್ಲಿ ವಿದ್ಯಾರ್ಥಿಯು ಸಾಮಾನ್ಯವಾಗಿ ಎರಡನೆಯ ವರ್ಷದ ಕೊನೆಯ ಹೊತ್ತಿಗೆ ತನ್ನ ಪ್ರಧಾನ ವಿಷಯವನ್ನು ನಿರ್ಧರಿಸುತ್ತಾನೆ. ಕರ್ನಾಟಕದಲ್ಲಿ ಈ ನಿರ್ಧಾರವನ್ನು ಬಹುಮಟ್ಟಿಗೆ ಪ್ರವೇಶದ ದಿನವೇ ಕೈಗೊಳ್ಳಬೇಕಾಗುತ್ತದೆ.

ಸ್ವರೂಪ

ಸಂಯೋಜನೆಗಳನ್ನು ವಿಷಯಗಳ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳಿಂದ ಗುರುತಿಸುವುದು ರೂಢಿ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳ ಗುಂಪು ಎಚ್‌ಇಪಿ. ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರಗಳದು ಎಚ್‌ಇಎಸ್. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡಗಳದು ಎಚ್‌ಇಕೆ. ವಿಜ್ಞಾನದಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳು ಸೇರಿ ಪಿಸಿಎಂ ಆದರೆ, ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರಗಳು ಸೇರಿ ಸಿಬಿಝಡ್ ಆಗುತ್ತವೆ.

ಪದವಿಪೂರ್ವ ಹಂತದ ಆಯ್ಕೆಯು ಇಲ್ಲಿಯೂ ಮಿತಿಯನ್ನು ಹಾಕುತ್ತದೆ. ವಿಜ್ಞಾನ ಓದಿದವರು ಬಿ.ಎ. ಅಥವಾ ಬಿ.ಕಾಂ. ಸೇರಬಹುದು; ಕಲಾ ವಿಭಾಗದಿಂದ ಬಂದವರಿಗೆ ಪಿಸಿಎಂ ದೊರೆಯುವುದಿಲ್ಲ.

ಪದ್ಧತಿಯ ಬದಲಾವಣೆಗಳು

ಮೂರು ವಿಷಯಗಳಿಗೆ ಸಮಾನ ಪ್ರಾಮುಖ್ಯ ನೀಡುವ ಮೂರು ವರ್ಷಗಳ ಪದವಿ ರಾಜ್ಯದಲ್ಲಿ ದೀರ್ಘಕಾಲ ಜಾರಿಯಲ್ಲಿತ್ತು. ರಾಷ್ಟ್ರೀಯ ಶಿಕ್ಷಣ ನೀತಿ 2020ನ್ನು 2021–22ರಿಂದ ಜಾರಿಗೊಳಿಸಿದಾಗ ಐಚ್ಛಿಕ ವಿಷಯಗಳು ಎರಡಕ್ಕೆ ಇಳಿದವು. ಮೂರನೆಯ ವರ್ಷದಲ್ಲಿ ಅವುಗಳಲ್ಲಿ ಒಂದನ್ನು ಪ್ರಧಾನ, ಇನ್ನೊಂದನ್ನು ಉಪವಿಷಯವಾಗಿ ಆರಿಸುವ, ಅಥವಾ ಎರಡನ್ನೂ ಪ್ರಧಾನವಾಗಿ ಮುಂದುವರಿಸುವ ಅವಕಾಶ ಬಂದಿತು. ಬೇರೆ ವಿಭಾಗದ ಮುಕ್ತ ಆಯ್ಕೆಯ ಪತ್ರಿಕೆಗಳೂ, ಐಚ್ಛಿಕವಾದ ನಾಲ್ಕನೆಯ ಆನರ್ಸ್ ವರ್ಷವೂ ಸೇರಿದವು.

2023ರಲ್ಲಿ ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ರಚನೆಯಾಯಿತು. ಅದರ ಮಧ್ಯಂತರ ವರದಿಯ ಆಧಾರದ ಮೇಲೆ ಸರ್ಕಾರವು 2024–25ರಿಂದ ಹೊಸದಾಗಿ ಸೇರುವವರಿಗೆ ಮೂರು ವರ್ಷದ ಪದವಿಯನ್ನೂ ಮೂರು ವಿಷಯಗಳ ಪದ್ಧತಿಯನ್ನೂ ಮರಳಿ ತಂದಿತು. ಹೀಗಾಗಿ 2021ರಿಂದ 2023ರವರೆಗೆ ಸೇರಿದ ಮೂರು ತಂಡಗಳ ಪದವಿಯ ರಚನೆ ಅವರ ಹಿಂದಿನವರಿಗಿಂತಲೂ ಮುಂದಿನವರಿಗಿಂತಲೂ ಭಿನ್ನವಾಗಿದೆ.

ಸಣ್ಣ ಕಾಲೇಜುಗಳಲ್ಲಿ ಆಯ್ಕೆ

ವಿಶ್ವವಿದ್ಯಾಲಯವು ಅನುಮೋದಿಸಿದ ಎಲ್ಲ ಸಂಯೋಜನೆಗಳೂ ಎಲ್ಲ ಕಾಲೇಜುಗಳಲ್ಲಿ ಇರುವುದಿಲ್ಲ. ಬೋಧಕರ ಹುದ್ದೆ, ಪ್ರಯೋಗಾಲಯ ಮತ್ತು ಪ್ರವೇಶ ಪಡೆಯುವವರ ಸಂಖ್ಯೆಗಳು ಇದನ್ನು ನಿರ್ಧರಿಸುತ್ತವೆ. ಪ್ರಯೋಗಾಲಯದ ಅಗತ್ಯವಿಲ್ಲದ ಕಲಾ ಮತ್ತು ವಾಣಿಜ್ಯ ವಿಷಯಗಳನ್ನು ಆರಂಭಿಸುವುದು ಸುಲಭ. ವಿಜ್ಞಾನದ ಸಂಯೋಜನೆಗಳು ಹೆಚ್ಚು ವೆಚ್ಚದವು.

ಹಾಸನ ಜಿಲ್ಲೆಯ ಉತ್ತರ ಭಾಗ ಇದಕ್ಕೊಂದು ನಿದರ್ಶನ. ಅರಸೀಕೆರೆ, ಬೇಲೂರು ಮತ್ತು ಹಳೇಬೀಡುಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಬೇಲೂರು ತಾಲ್ಲೂಕಿನ ಕಾಫಿ ಬೆಳೆಯುವ ಹೋಬಳಿಯಾದ ಅರೇಹಳ್ಳಿಯ ವಿದ್ಯಾರ್ಥಿಗೆ ಬೇಕಾದ ಗುಂಪು ಹತ್ತಿರದಲ್ಲಿ ದೊರೆಯದಿದ್ದರೆ ಹಾಸನ ಅಥವಾ ಚಿಕ್ಕಮಗಳೂರಿನ ಕಡೆಗೆ ನೋಡಬೇಕಾಗುತ್ತದೆ. ಬೇಲೂರಿನಿಂದ ಹಾಸನಕ್ಕೆ ಸುಮಾರು 40 ಕಿ.ಮೀ. ದೂರವಿದ್ದು, ಬಸ್ಸಿನ ವೇಳೆ, ವಿದ್ಯಾರ್ಥಿನಿಲಯದ ಸೌಲಭ್ಯ ಮತ್ತು ತೋಟದ ಕೆಲಸದ ಕಾಲಗಳೂ ವಿಷಯದ ಆಯ್ಕೆಯಲ್ಲಿ ಪಾತ್ರ ವಹಿಸುತ್ತವೆ. ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ಕಲ್ಪಿಸುವ ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಆರಂಭವಾದ ಬಳಿಕ ವಿದ್ಯಾರ್ಥಿನಿಯರಿಗೆ ಪ್ರಯಾಣದ ವೆಚ್ಚದ ಅಡ್ಡಿ ಕಡಿಮೆಯಾಗಿದೆ. ಪ್ರಯಾಣದ ಸಮಯ ಮಾತ್ರ ಹಾಗೆಯೇ ಉಳಿದಿದೆ.

ಜಿಲ್ಲೆಯ ಗಡಿಯು ವಿಶ್ವವಿದ್ಯಾಲಯದ ಗಡಿಯೂ ಆಗಿದೆ. ಹಾಸನ ಜಿಲ್ಲೆಯ ಕಾಲೇಜುಗಳು ಮೈಸೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದವು. 2023ರಲ್ಲಿ ಹೇಮಗಂಗೋತ್ರಿಯಲ್ಲಿ ಹಾಸನ ವಿಶ್ವವಿದ್ಯಾಲಯ ಆರಂಭವಾಯಿತು. ಚಿಕ್ಕಮಗಳೂರು ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿದೆ. ಆದ್ದರಿಂದ ನಡುವೆ ಕಾಲೇಜು ಬದಲಿಸುವವರು ಸಂಯೋಜನೆ ಮತ್ತು ಪಠ್ಯಕ್ರಮಗಳ ಹೊಂದಾಣಿಕೆಯನ್ನು ಪರಿಶೀಲಿಸಬೇಕಾಗುತ್ತದೆ.

ಪರಿಣಾಮಗಳು

ಸಂಯೋಜನೆಯ ಪರಿಣಾಮ ಪದವಿಯ ನಂತರ ಸ್ಪಷ್ಟವಾಗುತ್ತದೆ. ಸ್ನಾತಕೋತ್ತರ ಪ್ರವೇಶಕ್ಕೆ ಸಾಮಾನ್ಯವಾಗಿ ಆ ವಿಷಯವನ್ನು ಪದವಿಯಲ್ಲಿ ಓದಿರಬೇಕು. ಸಿಬಿಝಡ್ ಓದಿದವರಿಗೆ ಗಣಿತದ ಎಂ.ಎಸ್ಸಿ., ಪಿಸಿಎಂ ಓದಿದವರಿಗೆ ಸಸ್ಯಶಾಸ್ತ್ರದ ಎಂ.ಎಸ್ಸಿ. ತೆರೆದಿರುವುದಿಲ್ಲ. ಎರಡರಲ್ಲೂ ಇರುವ ರಸಾಯನಶಾಸ್ತ್ರವು ಇಬ್ಬರಿಗೂ ಸಮಾನ ಹಾದಿ.

ಶಿಕ್ಷಕ ವೃತ್ತಿಯಲ್ಲಿ ಈ ಸಂಬಂಧ ಇನ್ನೂ ನೇರವಾದುದು. ಸರ್ಕಾರಿ ಪ್ರೌಢಶಾಲೆಗಳಲ್ಲಿ ಗಣಿತ ಮತ್ತು ಭೌತವಿಜ್ಞಾನ ಬೋಧಿಸುವ ಹುದ್ದೆಗಳನ್ನು ಪಿಸಿಎಂ ಎಂದೂ, ಜೀವವಿಜ್ಞಾನದ ಹುದ್ದೆಗಳನ್ನು ಸಿಬಿಝಡ್ ಎಂದೂ ಕರೆಯುವ ರೂಢಿಯಿದೆ. ಕಾಲೇಜಿನ ಸಂಯೋಜನೆಯ ಹೆಸರೇ ಹುದ್ದೆಯ ಹೆಸರಾಗಿದೆ. ಎರಡೇ ವಿಷಯ ಓದಿದ ತಂಡಗಳ ಪದವಿಯು ಮೂರು ವಿಷಯಗಳ ಈ ಚೌಕಟ್ಟಿಗೆ ನೇರವಾಗಿ ಹೊಂದುವುದಿಲ್ಲ.

ಇದಕ್ಕೆ ವ್ಯತಿರಿಕ್ತವಾಗಿ, ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆ ಮತ್ತು ಕರ್ನಾಟಕ ಆಡಳಿತ ಸೇವೆಯ ಪರೀಕ್ಷೆಗಳಿಗೆ ಯಾವುದೇ ವಿಷಯದ ಪದವಿ ಸಾಕು. ಕಲಾ ವಿಭಾಗದಲ್ಲಿ ಇತಿಹಾಸವು ಹಲವು ಸಂಯೋಜನೆಗಳ ಭಾಗವಾಗಿರುವುದರಿಂದ ಅದು ಪುರಾತತ್ತ್ವ ಹಾಗೂ ಪ್ರವಾಸೋದ್ಯಮ ಅಧ್ಯಯನಕ್ಕೂ ತಳಹದಿಯಾಗಬಲ್ಲದು. ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿರುವುದರಿಂದ ಈ ಭಾಗದ ವಿದ್ಯಾರ್ಥಿಗಳಿಗೆ ಅದು ಸ್ಥಳೀಯ ಮಹತ್ವದ ವಿಷಯವೂ ಆಗಿದೆ.

ಇವನ್ನೂ ನೋಡಿ

ಹಾಸನ ವಿಶ್ವವಿದ್ಯಾಲಯ
ರಾಷ್ಟ್ರೀಯ ಶಿಕ್ಷಣ ನೀತಿ 2020
ಬೇಲೂರು